ಹತ್ತನೆಯ ಬಟ್ಟಲು

ಆ ಭಾನುವಾರ ಬೆಳಿಗ್ಗೆ ಅವ್ವ ಹತ್ತು ರೊಟ್ಟಿ ಬಡಿದಳು. ಮನೆಯಲ್ಲಿ ಇದ್ದವರು ಮೂವರೇ, ಅಪ್ಪ, ಅವ್ವ, ನಾನು. ಆರು ರೊಟ್ಟಿ ಸಾಕಾಗುತ್ತಿತ್ತು. ಉಳಿದ ನಾಲ್ಕು ನನ್ನ ಪರೀಕ್ಷೆಗಾಗಿ.

ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಡುಗೆಮನೆಯ ಗೋಡೆಗುಂಟ ಅವ್ವ ಹತ್ತು ಬಟ್ಟಲುಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರ ಮುಂದೆ ಒಂದು ಅಂಕಿಯ ಚೀಟಿ ಇಡುತ್ತಿದ್ದಳು. ಪ್ರತಿ ಬಟ್ಟಲಲ್ಲಿ ಏನೋ ಒಂದು ಇರುತ್ತಿತ್ತು. ನಾನು ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಮೊದಲ ಬಟ್ಟಲಿನ ಮುಂದೆ ಕೂರಬೇಕು. ಅದು ಏನು, ಸಸ್ಯವೋ ಪ್ರಾಣಿಯೋ, ಯಾವ ವರ್ಗ, ಯಾವ ಕುಟುಂಬ, ಹಾಗೆನ್ನಲು ಕಾರಣವೇನು ಎಂದು ಬರೆಯಬೇಕು. ಅವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟು ಹೊತ್ತು ಒಂದು ಬಟ್ಟಲಿಗೆ. ಹಂಚಿಗೆ ಹಾಕಿದ ಕೂಡಲೇ ಅವಳು ಸಟುಗದಿಂದ ಹಿತ್ತಾಳೆಯ ತಂಬಿಗೆಗೆ ಒಂದು ಏಟು ಹಾಕುವಳು. ಅದೇ ಗಂಟೆ. ನಾನು ಮುಂದಿನ ಬಟ್ಟಲಿಗೆ ಸರಿಯಬೇಕು.

ಇದು ನಡೆದದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ಅಪ್ಪ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಗದಗಿನ ಕಡೆಯಿಂದ ಬಂದ ನಾವು ಹೊರಗೆ ಮರಾಠಿ, ಹಿಂದಿ, ಮನೆಯೊಳಗೆ ಮಾತ್ರ ನಮ್ಮ ಮಾತು ಆಡಿಕೊಂಡಿದ್ದೆವು. ನಾನು ಇಂಟರ್ ಸೈನ್ಸ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಎರಡನೆಯ ಸಲ ಓದುತ್ತಿದ್ದೆ ಎನ್ನುವುದು ಸರಿ. ಹಿಂದಿನ ವರ್ಷ ಜೀವಶಾಸ್ತ್ರದ ಪ್ರ್ಯಾಕ್ಟಿಕಲ್‌ನಲ್ಲಿ ನಾನು ನಪಾಸಾಗಿದ್ದೆ.

ಆ ನಪಾಸಿನ ಬಗೆ ಹೇಳಬೇಕು. ಪ್ರಯೋಗಶಾಲೆಯ ಉದ್ದನೆಯ ಮೇಜುಗಳ ಮೇಲೆ ಗಾಜಿನ ಭರಣಿಗಳು, ಎಲುಬುಗಳು, ಒಣಗಿದ ಎಲೆಗಳು, ಚಿತ್ರಪಟಗಳು ಅಂಕಿಯ ಕ್ರಮದಲ್ಲಿ ಇರುತ್ತಿದ್ದವು. ಎರಡು ನಿಮಿಷಕ್ಕೊಮ್ಮೆ ಗಂಟೆ. ಗಂಟೆಯಾದರೆ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಸರಿಯಬೇಕು. ಹಿಂದೆ ಹೋಗುವಂತಿಲ್ಲ. ನಾನು ಮೂರನೆಯದಕ್ಕೆ ಉತ್ತರ ಮುಗಿಸದೆ ನಾಲ್ಕನೆಯದರ ಮುಂದೆ ನಿಂತು ಮೂರನೆಯದನ್ನೇ ಬರೆಯುತ್ತಿದ್ದೆ. ನಾಲ್ಕನೆಯದನ್ನು ಐದನೆಯದರ ಮುಂದೆ ಬರೆದೆ. ಕೊನೆಗೆ ಕಾಗದ ಕೊಟ್ಟು ಹೊರಗೆ ಬಂದ ಮೇಲೆ ತಿಳಿಯಿತು, ನನ್ನ ಉತ್ತರಗಳೆಲ್ಲ ಒಂದೊಂದು ಅಂಕಿ ಆಚೆ ಹೋಗಿದ್ದವು. ಎಲೆಗೆ ನಕ್ಷತ್ರಮೀನು ಎಂದು ಬರೆದಿದ್ದೆ, ನಕ್ಷತ್ರಮೀನಿಗೆ ಎರೆಹುಳು ಎಂದು. ಗೊತ್ತಿದ್ದದ್ದೆಲ್ಲ ತಪ್ಪಾಗಿತ್ತು.

ಅಪ್ಪ ಬಯ್ಯಲಿಲ್ಲ. ಸಾಕು, ಮನೆಯಲ್ಲಿ ಇರಲಿ, ಗದಗಿನ ಕಡೆ ಎಲ್ಲಾದರೂ ವರ ನೋಡೋಣ ಎಂದರು. ಅವ್ವ ಒಪ್ಪಲಿಲ್ಲ. ಇನ್ನೊಂದು ವರ್ಷ ಕೊಡಿ, ಪಾಸಾಗದಿದ್ದರೆ ನೀವು ಹೇಳಿದಂತೆ ಎಂದಳು. ಆ ಒಂದು ವರ್ಷವೂ ಈಗ ಮುಗಿಯುತ್ತ ಬಂದಿತ್ತು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು.

ಅವ್ವ ಕನ್ನಡ ಐದನೆಯ ಇಯತ್ತೆ ಓದಿದವಳು. ಇಂಗ್ಲಿಷು ಬಾರದು. ನಾನು ಪುಸ್ತಕದಲ್ಲಿದ್ದ ಉದ್ದುದ್ದ ಹೆಸರುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ವಹಿಯಲ್ಲಿ ಬರೆದುಕೊಟ್ಟಿದ್ದೆ. ಅವಳು ಕಾಯಿಪಲ್ಯ ಹೆಚ್ಚುತ್ತ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಹೀಗೆ ಒಪ್ಪಿಸಿಕೊಂಡು ಒಪ್ಪಿಸಿಕೊಂಡು ಅವಳಿಗೇ ಅರ್ಧ ಬಾಯಿಪಾಠವಾಗಿತ್ತು. ನನ್ನ ತಪ್ಪು ಮರೆವಿನದಲ್ಲ, ಬಿಡಲಾರದ್ದು ಎಂದು ಕಂಡುಹಿಡಿದವಳೂ ಅವಳೇ.

"ಗಂಟಿ ಆತಂದ್ರ ಕೈ ಬಿಡು," ಎಂದು ಪ್ರತಿ ಸಲವೂ ಹೇಳುತ್ತಿದ್ದಳು. "ಗೊತ್ತಿಲ್ಲದ್ದಕ್ಕ ಒಂದು ಗೆರಿ ಎಳಿ, ಮುಂದ ನಡಿ. ಹೊಳ್ಳಿ ನೋಡಬ್ಯಾಡ."

ಬಟ್ಟಲುಗಳಲ್ಲಿ ಮೊದಮೊದಲು ಬೆಂಡೆಕಾಯಿ, ಅರಿಶಿಣದ ಕೊಂಬು, ಉಳ್ಳಾಗಡ್ಡಿ ಇಡುತ್ತಿದ್ದಳು. ಅರಿಶಿಣ ಬೇರಲ್ಲ, ಕಾಂಡ ಎಂದು ನಾನು ಬರೆದಾಗ ಒಂದು ವಾರ ನಂಬಲಿಲ್ಲ. ಮಣ್ಣಿನೊಳಗೆ ಇರುವುದೆಲ್ಲ ಬೇರೇ ಎಂದು ಅವಳ ವಾದ. ಗೆಣ್ಣು ಇದೆ, ಮೊಗ್ಗು ಇದೆ, ಬೇರಿಗೆ ಅವು ಇರುವುದಿಲ್ಲ ಎಂದು ತೋರಿಸಿದ ಮೇಲೆ ಒಪ್ಪಿದಳು. ಆಮೇಲೆ ಅವಳ ಆಯ್ಕೆ ಕಠಿಣವಾಗುತ್ತ ಬಂತು. ಚೌಕಾಬಾರದ ಕವಡೆ, ಪಾರಿವಾಳದ ಗರಿ, ಲೋಟ ಬೋರಲು ಹಾಕಿದ ಜಿರಳೆ. ಒಂದು ದಿನ ಗೋಡೆಯ ಮೇಲೆ ಕೂತ ಹಲ್ಲಿಯ ಕೆಳಗೇ ಚೀಟಿ ಅಂಟಿಸಿದ್ದಳು. ನಾನು ಅಲ್ಲಿಗೆ ಬರುವ ಹೊತ್ತಿಗೆ ಹಲ್ಲಿ ಹೋಗಿತ್ತು. ಆದರೂ ಉತ್ತರಕ್ಕೆ ಅಂಕ ಕೊಟ್ಟಳು.

ಜೀವವಿಕಾಸದ ಪಾಠ ಒಪ್ಪಿಸುವಾಗ ಅಪ್ಪನೂ ಬಂದು ಕೂಡುತ್ತಿದ್ದರು. ಕುದುರೆಯ ಕಾಲು ಐದು ಬೆರಳಿನಿಂದ ಒಂದು ಗೊರಸಾದದ್ದು, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗೈ, ನಮ್ಮ ಕೈ, ಮೂರರಲ್ಲೂ ಅದೇ ಎಲುಬುಗಳು ಇರುವುದು, ಇವೆಲ್ಲ ಅವರಿಗೆ ಕಥೆಯಂತೆ. ಮಂಗನ ಮಾತು ಬಂದಾಗ ಮಾತ್ರ ಅವರು, ಇದನ್ನು ಕಾಲೇಜಿನಲ್ಲಿ ಬರೆ, ಊರಲ್ಲಿ ಹೇಳಬೇಡ ಎಂದರು. ಅವ್ವ ಹಿಟ್ಟು ನಾದುತ್ತಲೇ, "ನಿಮ್ಮ ಮಂದೀನ್ನ ನೋಡಿದಾಗಿಂದ ನನಗಿದು ಗೊತ್ತಿತ್ತು ಬಿಡ್ರಿ," ಎಂದಳು.

ಅವಳಿಗೆ ಕಿವಿ ಅಲ್ಲಾಡಿಸಲು ಬರುತ್ತಿತ್ತು. ಕೈ ಹಚ್ಚದೆ, ಮುಖ ಗಂಭೀರವಾಗಿಟ್ಟುಕೊಂಡು ಎರಡೂ ಕಿವಿಗಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಳು. ಬೆಂಡವಾಲೆ ತೂಗುತ್ತಿದ್ದವು. ಮನುಷ್ಯನಲ್ಲಿ ಕೆಲಸವಿಲ್ಲದೆ ಉಳಿದುಬಿಟ್ಟ ಅಂಗಗಳ ಪಟ್ಟಿಯಲ್ಲಿ ಕಿವಿಯ ಸ್ನಾಯುಗಳೂ ಇವೆ, ನಾವು ಮೃಗಗಳಾಗಿದ್ದಾಗಿನ ಗುರುತು ಅದು ಎಂದು ನಾನು ಓದಿ ಹೇಳಿದಾಗ ಅವಳಿಗೆ ಬಹಳ ಹೆಮ್ಮೆಯಾಯಿತು. "ಹಂಗಾರ ನನ್ನ ಮುಂದೂ ಒಂದು ಚೀಟಿ ಇಡು," ಎಂದಳು.

ಆ ಭಾನುವಾರದ ಬಟ್ಟಲುಗಳು ನನಗೆ ಕ್ರಮವಾಗಿ ನೆನಪಿವೆ. ಮೊದಲನೆಯದು ಸಂತ್ರದ, ಅಂದರೆ ಕಿತ್ತಳೆಯ, ಸಿಪ್ಪೆ. ಎರಡನೆಯದು ಮೆಂತ್ಯ. ಮೂರನೆಯದು ಜೇನಿನ ಮೇಣ, ಅದರಿಂದ ಜೇನುನೊಣವನ್ನು ಹೇಳಬೇಕಿತ್ತು. ನಾಲ್ಕನೆಯದು ಗೋಡೆಯ ಹಾವಸೆ. ಐದು ಬೇವಿನ ಹೂವು, ಆರು ಕವಡೆ. ಏಳನೆಯ ಬಟ್ಟಲಲ್ಲಿ ಒಂದು ಕೆಂಪು ಮಣಿ ಇತ್ತು, ಅವ್ವನ ಕೊರಳ ಸರದಲ್ಲಿದ್ದದ್ದು. ನಾನು ಅದನ್ನು ಕಲ್ಲು ಎಂದುಕೊಂಡೆ. ಕಲ್ಲಾದರೆ ಜೀವಶಾಸ್ತ್ರವೇ ಅಲ್ಲ. ಏನು ಬರೆಯಬೇಕೆಂದು ತಿಳಿಯದೆ ಕೂತೆ. ರೊಟ್ಟಿ ಬಡಿಯುವ ಸಪ್ಪಳ ನಡುವೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಗಂಟೆ ಆಗಲೇ ಇಲ್ಲ. ಅಷ್ಟರಲ್ಲಿ ನನಗೆ ಹೊಳೆಯಿತು. ಅದು ಹವಳ. ಹವಳ ಪ್ರಾಣಿ. ನಾನು ಗಡಿಬಿಡಿಯಿಂದ ಬರೆದು ಮುಗಿಸಿದ ಮೇಲೆ ಗಂಟೆಯಾಯಿತು.

ತಿರುಗಿ ನೋಡಿದಾಗ ಅವ್ವ ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಿದ್ದಳು. ಸೀರೆಗೆ ಹಿಟ್ಟು ಹತ್ತಿತ್ತು. ನನಗೆ ಉತ್ತರ ಬರಲೆಂದು ಬೇಕೆಂದೇ ತಡಮಾಡಿದಳು ಎಂದು ತಿಳಿದು ನಾನು ನಕ್ಕೆ. ಅವಳೂ ನಕ್ಕಳು.

ಎಂಟು, ಒಂಬತ್ತು ಸುಲಭವಿದ್ದವು. ಹತ್ತನೆಯ ಬಟ್ಟಲಲ್ಲಿ ಒಂದು ಒಣ ತುಂಡು ಇತ್ತು. ಕಿರುಬೆರಳಿನಷ್ಟು ಉದ್ದ, ಕಂದು ಬಣ್ಣ, ಮೇಲೆ ಸುಕ್ಕು. ಒಂದು ತುದಿ ಮುರಿದದ್ದು. ಇನ್ನೊಂದು ತುದಿ ಓರೆಯಾಗಿ ನುಣ್ಣಗೆ ಸವೆದಿತ್ತು, ಒಳಗಿನ ಹಳದಿ ಕಾಣುತ್ತಿತ್ತು. ನಾನು ಮೂಸಿದೆ. ಕಹಿ ವಾಸನೆ. ಗೆಣ್ಣಿಲ್ಲ, ಮೊಗ್ಗಿಲ್ಲ, ಆದ್ದರಿಂದ ಬೇರು ಎಂದು ಬರೆದೆ. ಮುಂದಕ್ಕೆ ಏನೂ ತೋಚಲಿಲ್ಲ. ಅವ್ವ ತಂಬಿಗೆ ಬಾರಿಸಿದಳು. ಗೆರೆ ಎಳೆದೆ.

ಅವ್ವ ರೊಟ್ಟಿ ಕಟ್ಟಿಟ್ಟು, ಕೈ ತೊಳೆದು ಬಂದು ಕಾಗದ ನೋಡಿದಳು. ಒಂಬತ್ತು ಸರಿ. ಅಂಕಿಗಳೂ ಸರಿಯಾದ ಜಾಗದಲ್ಲೇ ಇದ್ದವು. ಹತ್ತನೆಯದು ಏನು ಎಂದು ಕೇಳಿದೆ.

"ನಾಳಿ ಹೇಳ್ತೀನಿ. ಇವತ್ತ ಹೇಳಿದ್ರ ಮರೀತಿ."

"ನಿನಗರ ಬರೋಬರ್ ಗೊತ್ತೈತೇನು?"

"ನನಗ ಗೊತ್ತಿಲ್ಲದ್ದು ನಾ ಇಡಂಗಿಲ್ಲ," ಎಂದಳು.

ಅಷ್ಟೇ. ಆ ದಿನ ಮಧ್ಯಾಹ್ನ ಅಪ್ಪ ಮಲಗಿದರು, ಅವ್ವ ಸಂಡಿಗೆ ಇಟ್ಟಳು, ನಾನು ಕಪ್ಪೆಯ ಚಿತ್ರಕ್ಕೆ ಗೆರೆ ಎಳೆದೆ. ಬೇರೆ ಏನೂ ನಡೆಯಲಿಲ್ಲ.

ಮರುದಿನ ಕಾಲೇಜಿನಲ್ಲಿ ಪುನರಾವರ್ತನೆ ಇತ್ತು. ಮೂರು ಗಂಟೆಯ ಬಿಸಿಲಿನಲ್ಲಿ ಮನೆಗೆ ಬಂದಾಗ ಪಕ್ಕದ ಮನೆಯ ಮರಾಠಿ ಕಾಕು ನಮ್ಮ ಬಾಗಿಲಲ್ಲಿ ಕೂತಿದ್ದರು. ಅವ್ವ ನಲ್ಲಿಯ ಹತ್ತಿರ ಬಿದ್ದಳಂತೆ, ನಾಲ್ಕು ಜನ ಎತ್ತಿ ಆಸ್ಪತ್ರೆಗೆ ಒಯ್ದರಂತೆ, ಅಪ್ಪನಿಗೆ ಆಫೀಸಿಗೆ ಹೇಳಿ ಕಳಿಸಿದ್ದಾರಂತೆ. ನಾನು ಹೋದಾಗ ಅವ್ವನಿಗೆ ಎಚ್ಚರವಿತ್ತು, ಮಾತಿರಲಿಲ್ಲ. ಹೊಟ್ಟೆಯೊಳಗಿನ ಹುಣ್ಣು ಒಡೆದಿದೆ ಎಂದರು ವೈದ್ಯರು. ನೋವು ಎಷ್ಟು ತಿಂಗಳಿನಿಂದ ಇತ್ತು ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಮಂಗಳವಾರ ಬೆಳಿಗ್ಗೆ ಅವ್ವ ಹೋದಳು.

ಹತ್ತು ದಿನದ ಸೂತಕ. ಪರೀಕ್ಷೆ ಒಂಬತ್ತನೆಯ ದಿನಕ್ಕೆ ಬರುತ್ತಿತ್ತು.

ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಾಕು ಎರಡು ಹೊತ್ತು ಊಟ ತಂದು ಹೊರಗಿನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ನಾಲ್ಕನೆಯ ದಿನ ಗದಗಿನಿಂದ ನನ್ನ ಸೋದರತ್ತೆ, ಅಪ್ಪನ ಅಕ್ಕ, ಗಾಡಿ ಬದಲಿಸಿ ಬದಲಿಸಿ ಬಂದಳು. ಅತ್ತು ಮುಗಿದ ಮೇಲೆ ಗೂಟದಲ್ಲಿ ತೂಗುತ್ತಿದ್ದ ನನ್ನ ಕಾಲೇಜಿನ ಚೀಲ ನೋಡಿ ಇದೇನು ಎಂದಳು. ಅಪ್ಪ ಪರೀಕ್ಷೆಯ ಮಾತು ಹೇಳಿದರು. ಅದು ಅತ್ತೆಯ ಕಿವಿಗೆ ಹೋಗಲಿಲ್ಲ. ತಾಯಿಯ ದಿನ ಮುಗಿಯದೆ ಹೆಣ್ಣುಮಗಳು ಹೊಸ್ತಿಲು ದಾಟುವುದೇ, ಅದೂ ಸತ್ತ ಕಪ್ಪೆ ಮುಟ್ಟಲು ಹೋಗುವುದೇ ಎಂದಳು. ಅವಳು ಕೆಟ್ಟ ಹೆಂಗಸಲ್ಲ. ಅವಳಿಗೆ ತಿಳಿದದ್ದನ್ನು ಹೇಳಿದಳು. ನಾನೂ ಹೋಗುವ ವಿಚಾರ ಮಾಡಿರಲಿಲ್ಲ. ಓದಿದ್ದು ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೋಗದಿದ್ದರೆ ಅವ್ವ ಕೇಳಿ ಪಡೆದಿದ್ದ ವರ್ಷ ಅಲ್ಲಿಗೆ ಮುಗಿಯುತ್ತಿತ್ತು, ಅಷ್ಟೇ.

ಆರನೆಯ ದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಪ್ಪ ನನ್ನನ್ನು ಅಡುಗೆಮನೆಗೆ ಕರೆದರು. ಗೋಡೆಗುಂಟ ಹತ್ತು ಬಟ್ಟಲು ಇಟ್ಟಿದ್ದರು. ಚೀಟಿಗಳು ಅವ್ವ ಬರೆದವೇ. ನಾನು ಹಲಗೆ ತೆಗೆದುಕೊಂಡು ಕೂತೆ. ಮೊದಲನೆಯದರಲ್ಲಿ ತೊಗರಿಬೇಳೆ, ಎರಡನೆಯದರಲ್ಲಿ ಕಡಲೆಬೇಳೆ, ಮೂರನೆಯದರಲ್ಲಿ ಹೆಸರು. ಏಳು ಬಟ್ಟಲುಗಳಲ್ಲಿ ಏಳು ಬಗೆಯ ಕಾಳು ಬೇಳೆ, ಉಳಿದ ಮೂರು ಖಾಲಿ. ಅಡುಗೆಮನೆಯ ಡಬ್ಬಿಗಳಲ್ಲಿ ಅಪ್ಪನ ಕೈಗೆ ಸಿಕ್ಕದ್ದು ಅವು. ಎಲ್ಲವೂ ಒಂದೇ ಕುಟುಂಬ, ಎಲ್ಲಕ್ಕೂ ಒಂದೇ ಉತ್ತರ. ನಾನು ಅದನ್ನು ಏಳು ಸಲ ಬರೆದೆ. ಅಪ್ಪ ಗಡಿಯಾರ ಹಿಡಿದು ಕೂತಿದ್ದರು. ಮೂರನೆಯದಾದ ಮೇಲೆ ಗಂಟೆ ಬಾರಿಸುವುದನ್ನು ಮರೆತರು. ನಾನೇ ಅಂದಾಜಿನಿಂದ ಮುಂದೆ ಸರಿದೆ. ಮುಗಿದ ಮೇಲೆ ಅವರು ಎಷ್ಟು ಸರಿ ಎಂದು ನನ್ನನ್ನೇ ಕೇಳಿದರು.

ನಾನು ಒಬ್ಬಳೇ ಬಟ್ಟಲು ಇಟ್ಟುಕೊಳ್ಳಲು ನೋಡಿದ್ದೆ. ಅದು ಆಗುವುದಿಲ್ಲ. ನಾವೇ ಇಟ್ಟ ಬಟ್ಟಲಲ್ಲಿ ಏನಿದೆ ಎಂದು ನಮಗೆ ಗೊತ್ತಿರುತ್ತದೆ.

ಹತ್ತನೆಯ ಬಟ್ಟಲಿನ ಬೇರನ್ನು ನಾನು ಭಾನುವಾರವೇ ಕಂಪಾಸಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅಂದು ಸಂಜೆ ತೆಗೆದು ಅತ್ತೆಗೆ ತೋರಿಸಿ ಇದೇನು ಎಂದು ಕೇಳಿದೆ. ಅವಳು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು.

"ಇದು ನಿಮ್ಮವ್ವನ ತವರಿನ ಕಡೀದು. ಹೊಟ್ಟಿ ಬ್ಯಾನಿಗೆ ತೇಯ್ದು ಕುಡೀತಾರ. ನಿಮ್ಮಜ್ಜಿ ಎಲ್ಲಾರಿಗೂ ಕೊಡ್ತಿದ್ಲು."

"ಹೆಸರೇನು ಅತ್ತಿ?"

"ಹೆಸರು ಅಕಿಗೇ ಗೊತ್ತು. ಔಷಧದ ಹೆಸರು ಹೇಳಿದ್ರ ಗುಣಾ ಹೋಗತೈತಿ ಅಂತಿದ್ಲು," ಎಂದು ಅತ್ತೆ ತುಂಡನ್ನು ವಾಪಸು ಕೊಟ್ಟಳು. "ಇದನ್ಯಾರು ತೇಯ್ತಿದ್ರು ನಿಮ್ಮನ್ಯಾಗ?"

ಅವ್ವನ ತಾಯಿ ತೀರಿ ಎರಡು ವರ್ಷವಾಗಿತ್ತು. ನಾನು ಎದ್ದು ದೇವರ ಗೂಡಿನ ಕೆಳಗಿದ್ದ ಸಾಣೆಕಲ್ಲು ತೆಗೆದು ನೋಡಿದೆ. ಒಂದು ಕಡೆ ಗಂಧದ ಗುರುತು. ಮಗುಚಿದರೆ ಇನ್ನೊಂದು ಕಡೆ ಹಳದಿ ಕಲೆ, ಮೇಲಿಂದ ಮೇಲೆ ತೇಯ್ದು ಕಲ್ಲಿನೊಳಗೆ ಇಳಿದದ್ದು. ದಿನಾ ಬೆಳಿಗ್ಗೆ ನಾನು ವಹಿ ಹಿಡಿದು ಕೂರುತ್ತಿದ್ದ ಜಾಗದಿಂದ ಆ ಕಲ್ಲು ಮೂರು ಮೊಳ ದೂರ ಇರಲಿಲ್ಲ.

ಅವಳು ಆ ಬೇರನ್ನು ಯಾಕೆ ಇಟ್ಟಳೋ ನನಗೆ ತಿಳಿಯದು. ಹೊಸದು ಏನೂ ಸಿಗದೆ ಕೈಗೆ ಬಂದದ್ದನ್ನು ಇಟ್ಟಿರಬಹುದು. ಅಥವಾ ಹೇಳಬೇಕೆಂದಿದ್ದಿರಬಹುದು. ಸವೆದ ತುದಿಯನ್ನು ನಾನು ಕಂಡಿದ್ದೆ. ಇದನ್ನು ಯಾರು ತೇಯುತ್ತಾರೆ, ಯಾಕೆ ತೇಯುತ್ತಾರೆ ಎಂದು ಕೇಳಲಿಲ್ಲ. ಬೇರೋ ಕಾಂಡವೋ ಎಂದಷ್ಟೇ ನೋಡಿದೆ.

ಎಂಟನೆಯ ದಿನ ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ತಲೆ ತಗ್ಗಿಸಿಕೊಂಡೇ, "ನಾಳಿ ಅಕಿ ಹೋಗಿ ಬರಲಿ," ಎಂದರು. ಅತ್ತೆ ಏನೋ ಹೇಳಲು ಹೊರಟಳು. "ಅಕ್ಕಾ, ಇದು ನಾ ಕೊಟ್ಟ ಮಾತು," ಎಂದರು ಅಪ್ಪ. ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ಬಾಗಿಲಲ್ಲಿ ನೀರು ಇಟ್ಟಿದ್ದಳು, ಬಂದ ಕೂಡಲೇ ಸ್ನಾನ ಮಾಡು ಎಂದಳು.

ಪ್ರಯೋಗಶಾಲೆಯಲ್ಲಿ ಫಾರ್ಮಲಿನ್ನಿನ ವಾಸನೆಗೆ ಕಣ್ಣು ಉರಿಯುತ್ತಿದ್ದವು. ಅದರಿಂದ ಅನುಕೂಲವೇ ಆಯಿತು, ಎಲ್ಲರ ಕಣ್ಣೂ ಕೆಂಪಾಗಿದ್ದವು. ಮೊದಲನೆಯದು ನಕ್ಷತ್ರಮೀನು. ಬರೆದೆ. ಗಂಟೆ. ಎರಡನೆಯದು ಜರೀಗಿಡ. ಗಂಟೆ. ಮೂರನೆಯದು ಬಾವಲಿಯ ಅಸ್ಥಿಪಂಜರ. ಹಕ್ಕಿಯಲ್ಲ, ಹಲ್ಲಿದೆ, ರೆಕ್ಕೆಯಲ್ಲಿ ಬೆರಳಿನ ಎಲುಬುಗಳಿವೆ ಎಂದು ಕಾರಣ ಬರೆಯುತ್ತಿರುವಾಗ ಗಂಟೆಯಾಯಿತು. ವಾಕ್ಯ ಅರ್ಧಕ್ಕಿತ್ತು. ನನ್ನ ಕೈ ನಿಂತಿತು. ಗೆರೆ ಎಳೆದು ಮುಂದೆ ಹೋದೆ.

ಒಂಬತ್ತನೆಯದು ಒಂದು ಚಿತ್ರಪಟ. ಮನುಷ್ಯನ ದೇಹದ ಆಕಾರ, ಅದರ ಮೇಲೆ ನಾಲ್ಕು ಕಡೆ ಬಾಣದ ಗುರುತು. ಕೆಲಸವಿಲ್ಲದೆ ಉಳಿದ ಅಂಗಗಳನ್ನು ಹೆಸರಿಸಿ, ಅವು ಏನನ್ನು ಸೂಚಿಸುತ್ತವೆ ಬರೆಯಿರಿ ಎಂದಿತ್ತು. ಒಂದು ಬಾಣ ಕಿವಿಗೆ. ನಾನು ಮೊದಲು ಕಿವಿಯ ಸ್ನಾಯುಗಳು ಎಂದು ಬರೆದೆ. ಕೆಲವರಲ್ಲಿ ಇವು ಇಂದಿಗೂ ಚಲಿಸುತ್ತವೆ ಎಂದು ಬರೆದೆ. ಬರೆದ ಮೇಲೆ ಬಹಳ ಹೊತ್ತು ಆ ಪಟದ ಮುಂದೆ ನಿಂತಿದ್ದೆ ಎನ್ನಿಸಿತು, ಆದರೆ ಎರಡೇ ನಿಮಿಷ. ಉಳಿದ ಮೂರು ಬಾಣಗಳಿಗೆ ಉತ್ತರ ಬರೆಯಲಿಲ್ಲ. ಗೊತ್ತಿದ್ದವು. ಗಂಟೆಯಾಯಿತು, ಮುಂದೆ ಸರಿದೆ.

ಪರೀಕ್ಷೆ ಮುಗಿದು ಎಲ್ಲರೂ ಹೋದ ಮೇಲೆ, ಭರಣಿಗಳನ್ನು ಒಳಗಿಡುತ್ತಿದ್ದ ಸಸ್ಯವಿಭಾಗದ ಡೆಮಾನ್‌ಸ್ಟ್ರೇಟರ್ ಮುಂದೆ ಕಂಪಾಸಿನ ಡಬ್ಬಿ ತೆರೆದೆ. ವಯಸ್ಸಾದ ಮರಾಠಿ ಮನುಷ್ಯ, ಸಾವಧಾನದವರು. ಭೂತಕನ್ನಡಿಯಿಂದ ನೋಡಿದರು. ಬೇರು ಎನ್ನುವುದು ಸರಿ ಎಂದರು. ಆದರೆ ಕುಟುಂಬ ಹೇಳಲು ಹೂವು ಬೇಕು, ಎಲೆಯಾದರೂ ಬೇಕು, ಬರೀ ಬೇರಿನಿಂದ ಗಿಡದ ಹೆಸರು ಹೇಳುವವರು ಅದನ್ನು ಕಿತ್ತವರು ಮಾತ್ರ ಎಂದರು. ನೀರಲ್ಲಿ ನೆನೆಸಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಆಗಲೂ ಅದು ಊಹೆಯೇ ಎಂದರು. ಬ್ಲೇಡು ಕೈಗೆತ್ತಿಕೊಂಡು ಕೊಯ್ಯಲೇ ಎಂದು ಕೇಳಿದರು. ನಾನು ಬೇಡವೆಂದೆ. ಯಾರ ಬಳಿ ಸಿಕ್ಕಿತು ಎಂದರು. ಮನೆಯಲ್ಲಿತ್ತು ಎಂದೆ.

ಜೂನಿನಲ್ಲಿ ಫಲಿತಾಂಶ ಬಂತು. ಪ್ರ್ಯಾಕ್ಟಿಕಲ್‌ನಲ್ಲಿ ನಾನು ಪಾಸಾಗಿದ್ದೆ, ಅಂಚಿನಲ್ಲಿ. ಅಪ್ಪ ಆಫೀಸಿನಿಂದ ಪೇಢೆ ತಂದರು, ಒಂದನ್ನು ದೇವರ ಮುಂದೆ ಇಟ್ಟರು. ಮುಂದೆ ಓದು ಎಂದರು. ಇಂಟರ್ ಮುಗಿದಿತ್ತು, ನಾನು ಓದನ್ನು ಅಲ್ಲಿಗೇ ಬಿಟ್ಟೆ. ಬೆಳಿಗ್ಗೆ ಅಪ್ಪನ ಡಬ್ಬಿಗೆ ರೊಟ್ಟಿ ಆಗಬೇಕಿತ್ತು. ನನ್ನ ರೊಟ್ಟಿ ಬಹಳ ದಿನ ಅಂಚು ಸೀಳುತ್ತಿದ್ದವು. ಅಪ್ಪ ಅವನ್ನೇ ಉಣ್ಣುತ್ತಿದ್ದರು. ಹಂಚಿಗೆ ಹಾಕಿದಾಗ ಕೈ ತಾನಾಗಿಯೇ ತಂಬಿಗೆಯ ಕಡೆ ಹೋಗುತ್ತಿತ್ತು.

ಆಮೇಲೆ ಒಂದೆರಡು ಸಲ ಗದಗಿನ ಕಡೆ ಹೋದಾಗ ಅವ್ವನ ತವರೂರಲ್ಲಿ ಕೇಳಿದೆ. ಒಬ್ಬ ಮುದುಕಿ ಒಂದು ಹೆಸರು ಹೇಳಿದಳು, ಇನ್ನೊಬ್ಬಳು ಅದಲ್ಲ ಎಂದಳು. ಇಬ್ಬರೂ ತೋರಿಸಿದ ಗಿಡಗಳನ್ನು ಕಿತ್ತು ನೋಡಿದೆ. ಒಂದರ ಬೇರು ಬೆಳ್ಳಗಿತ್ತು. ಇನ್ನೊಂದಕ್ಕೆ ಕಹಿ ಇರಲಿಲ್ಲ. ಅಜ್ಜಿ ಬೇರು ಅಗೆಯುತ್ತಿದ್ದ ಹೊಲದ ಬದುವನ್ನು ಅಷ್ಟರಲ್ಲಿ ಒಡೆದು ಸಾಗುವಳಿ ಮಾಡಿದ್ದರು.

ಕಂಪಾಸಿನ ಡಬ್ಬಿಯಲ್ಲಿ ಬೇರು ಈಗ ಅರ್ಧ ಉಳಿದಿದೆ. ಮುರಿದ ತುದಿಗೆ ಹುಳ ಬಿದ್ದು ಪುಡಿಯಾಯಿತು. ಸವೆದ ತುದಿ ಹಾಗೆಯೇ ಇದೆ. ಆ ಭಾನುವಾರದ ಕಾಗದವೂ ಅದರ ಜೊತೆಗಿದೆ. ಒಂಬತ್ತು ಉತ್ತರಗಳ ಪಕ್ಕದಲ್ಲಿ ಅವ್ವ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದಾಳೆ. ಹತ್ತನೆಯದರ ಎದುರಿಗೆ ಬೇರು ಎಂದು ನನ್ನ ಅಕ್ಷರ, ಒಂದು ಗೆರೆ. ಅದರ ಹೆಸರು ನನಗೆ ಗೊತ್ತಿಲ್ಲ.